ಸ್ಕೂಬಾಗೆ ಎಲ್ಲಿಗೆ ಹೋಗೋದು? ನೇತ್ರಾಣಿಯಿಂದ ಮಾಲ್ಡೀವ್ಸ್‌ವರೆಗೆ, ಯಾರಿಗೆ ಯಾವುದು

ಸ್ಕೂಬಾ ಡೈವಿಂಗ್ ಮಾಡಬೇಕು ಅಂತ ಮನಸ್ಸಾದ ಕೂಡಲೇ ನಾವೆಲ್ಲ ಮೊದಲು ಮಾಡುವ ಕೆಲಸ ಫೋಟೊ ನೋಡುವುದು. ಮಾಲ್ಡೀವ್ಸಿನ ನೀಲಿ ನೀರು ನೋಡುತ್ತೇವೆ, ಬಾಯಿ ಬಿಡುತ್ತೇವೆ, ವಿಮಾನದ ಟಿಕೆಟ್ ರೇಟು ಹುಡುಕುತ್ತೇವೆ. ಆದರೆ ಫೋಟೊದಲ್ಲಿ ಅದು ಯಾವ ತಿಂಗಳು ಅಂತ ಕಾಣುವುದಿಲ್ಲ. ಅದನ್ನು ತೆಗೆದವರು ಎಷ್ಟು ವರ್ಷದಿಂದ ಡೈವ್ ಮಾಡುತ್ತಿದ್ದಾರೆ ಅನ್ನುವುದೂ ಕಾಣುವುದಿಲ್ಲ. ಹೊಸಬರು ಅದೇ ಜಾಗಕ್ಕೆ ತಪ್ಪು ತಿಂಗಳಲ್ಲಿ ಹೋದರೆ ಕಣ್ಣಿಗೆ ಬೀಳುವುದು ಹಸಿರು ಮಬ್ಬು, ಮತ್ತು ಮುಂದೆ ಹೋಗುತ್ತಿರುವ ಇನ್‌ಸ್ಟ್ರಕ್ಟರ್‌ನ ಫಿನ್ಸ್.

ಹಾಗಾಗಿ ಫೋಟೊ ಪಕ್ಕಕ್ಕಿಡಿ. ರಜೆ ಯಾವ ತಿಂಗಳು ಸಿಗುತ್ತದೆ? ಎಷ್ಟು ದಿನ? ಒಂದು ಸಲ ಕಡಲಡಿ ನೋಡಿ ಬಂದರೆ ಸಾಕೋ, ಡೈವಿಂಗ್ ಕಲಿಯಬೇಕೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿರುವ ಅರ್ಧಕ್ಕಿಂತ ಜಾಸ್ತಿ ಜಾಗಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಸುಲಭ.

ಒಂದು ಸಲ ನೋಡುವುದೋ, ಕಲಿಯುವುದೋ

‘ಡಿಸ್ಕವರ್ ಸ್ಕೂಬಾ’, ‘ಟ್ರೈ ಡೈವ್’ ಅಂತ ಕರೆಯುವುದು ಮೊದಲ ಬಗೆ. ಇದಕ್ಕೆ ಈಜು ಬರಲೇಬೇಕು ಅಂತಿಲ್ಲ. ಮೊದಲು ಆಳವಿಲ್ಲದ ನೀರಿನಲ್ಲಿ ಉಸಿರಾಡುವುದು, ಮಾಸ್ಕ್‌ಗೆ ನೀರು ನುಗ್ಗಿದರೆ ಹೊರಹಾಕುವುದು, ಕೈಸನ್ನೆ, ಇಷ್ಟು ಹೇಳಿಕೊಡುತ್ತಾರೆ. ಆಮೇಲೆ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಕೆಳಗೆ ಕರೆದೊಯ್ಯುತ್ತಾರೆ. ಗರಿಷ್ಠ 12 ಮೀಟರ್ ಆಳ. ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ.

ಎರಡನೆಯದು ‘ಓಪನ್ ವಾಟರ್’ ಕೋರ್ಸ್. ಮೂರರಿಂದ ನಾಲ್ಕು ದಿನ ಬೇಕು. ಪಾಠ ಇರುತ್ತದೆ, ಪರೀಕ್ಷೆ ಇರುತ್ತದೆ, 200 ಮೀಟರ್ ಈಜಬೇಕು, ಹತ್ತು ನಿಮಿಷ ಏನೂ ಹಿಡಿಯದೆ ತೇಲಬೇಕು. ಮುಗಿದ ಮೇಲೆ ಸಿಗುವ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಅದನ್ನು ತೋರಿಸಿ ಪ್ರಪಂಚದಲ್ಲಿ ಎಲ್ಲಿ ಬೇಕಾದರೂ 18 ಮೀಟರ್‌ವರೆಗೆ ಇಳಿಯಬಹುದು. ಕಾರ್ಡ್ ಕೊಡುವ ತರಬೇತಿ ಸಂಸ್ಥೆಗಳಲ್ಲಿ ಪ್ಯಾಡಿ, ಎಸ್‌ಎಸ್‌ಐ ಅಂತ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ಯಾವುದಾದರೂ ಸರಿ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಒಪ್ಪುತ್ತಾರೆ. ಹತ್ತು ವರ್ಷ ತುಂಬಿದ ಮಕ್ಕಳೂ ಕೋರ್ಸ್ ಮಾಡಬಹುದು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮೊದಲ ಸಲ ಇಳಿದವರ ಗಮನ ಅರ್ಧ ಪಾಲು ತಮ್ಮ ಉಸಿರು ಮತ್ತು ಕಿವಿಯ ಮೇಲೇ ಇರುತ್ತದೆ. ಆ ಅರ್ಧ ಗಂಟೆಗಾಗಿ ಲಕ್ಷ ರೂಪಾಯಿ ಖರ್ಚು ಮಾಡಿ ದೂರ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಒಂದೇ ಡೈವ್ ಆದರೆ ಹತ್ತಿರದ ಜಾಗ ನೋಡಿ. ದೂರ ಹೋಗುವುದಾದರೆ ಕಲಿಯಲು ಹೋಗಿ, ಅಥವಾ ಕಲಿತ ಮೇಲೆ ಹೋಗಿ.

ರಜೆಯ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ಇಲ್ಲ. ಮುಂಗಾರಿನ ಅಲೆಯಲ್ಲಿ ಬೋಟ್ ಬಿಡುವುದಿಲ್ಲ. ನೇತ್ರಾಣಿ, ಗೋವಾ, ಮಾಲ್ವಣ, ಲಕ್ಷದ್ವೀಪ ಎಲ್ಲಕ್ಕೂ ಇದೇ ಲೆಕ್ಕ. ಮತ್ತೆ ಶುರುವಾಗುವುದು ಅಕ್ಟೋಬರ್‌ನಲ್ಲಿ. ದಸರಾ ರಜೆಗೆ ಹೋಗುವವರು ಒಂದು ನೆನಪಿಡಬೇಕು. ಬೋಟ್ ಬಿಡಲು ಶುರುಮಾಡಿದರು ಅಂದ ಮಾತ್ರಕ್ಕೆ ನೀರು ತಿಳಿಯಾಗಿದೆ ಅಂತಲ್ಲ. ಮಳೆಗಾಲದಲ್ಲಿ ಹೊಳೆಗಳು ತಂದು ಸುರಿದ ಕೆಸರು ಕೂರಲು ಟೈಮ್ ಬೇಕು.

ಡಿಸೆಂಬರ್‌ನಿಂದ ಫೆಬ್ರುವರಿ ಪಶ್ಚಿಮ ಕರಾವಳಿಗೆ ಒಳ್ಳೆಯ ಕಾಲ. ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್. ಮಕ್ಕಳ ಬೇಸಿಗೆ ರಜೆ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಕುಟುಂಬದವರಿಗೆ ಅಂಡಮಾನ್ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲೇ ರಜೆ ಸಿಗುವವರಿಗೆ ಕೆಳಗೆ ಬೇರೆ ದಾರಿಗಳಿವೆ. ನಿರಾಸೆ ಬೇಡ.

ನೇತ್ರಾಣಿ

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ಬಂಡೆಗಲ್ಲಿನ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಅಂತ ಎಲ್ಲರೂ ಹೇಳುತ್ತಾರೆ. ಬೋಟಿನಲ್ಲಿ ಹೋಗುವವರಿಗೆ ಕಾಣುವುದು ಕಡಿದಾದ ಗೋಡೆ ಮತ್ತು ಅದರ ಮೇಲೆ ಸುತ್ತುತ್ತಿರುವ ಬಿಳಿಹೊಟ್ಟೆಯ ಕಡಲ ಹದ್ದುಗಳು. ದ್ವೀಪಕ್ಕೆ ಇಳಿಯಲು ಬಿಡುವುದಿಲ್ಲ. ನೌಕಾಪಡೆ ಇದನ್ನು ಗುರಿಯಾಗಿಟ್ಟುಕೊಂಡು ಗುಂಡು ಹಾರಿಸುವ ಅಭ್ಯಾಸ ಮಾಡಿದ ಜಾಗ ಇದು. ಸಿಡಿಯದೆ ಉಳಿದ ಶೆಲ್‌ಗಳು ಮೇಲೆ ಬಿದ್ದಿವೆ. ನಮ್ಮ ಕೆಲಸ ಹೇಗೂ ನೀರೊಳಗೆ.

ಇಲ್ಲಿನ ನೀರು ಗೋವಾಕ್ಕಿಂತ ತಿಳಿಯಾಗಿರಲು ಕಾರಣ ಈ 19 ಕಿಲೋಮೀಟರೇ. ಶರಾವತಿಯಂಥ ಹೊಳೆಗಳು ತರುವ ಮಣ್ಣು ತೀರದ ಹತ್ತಿರವೇ ಹೆಚ್ಚಾಗಿ ಉಳಿದುಬಿಡುತ್ತದೆ. ಒಳ್ಳೆಯ ದಿನ 15 ಮೀಟರ್, ಅದಕ್ಕಿಂತಲೂ ದೂರ ಕಾಣುತ್ತದೆ. ಆಳ ಆರೇಳು ಮೀಟರ್‌ನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತಾ ಹೋಗುವುದರಿಂದ ಹೊಸಬರೂ ಕಾರ್ಡ್ ಇದ್ದವರೂ ಒಂದೇ ಬೋಟಿನಲ್ಲಿ ಹೋಗಬಹುದು.

ಹವಳದ ತೋಟ ನಿರೀಕ್ಷಿಸಬೇಡಿ. ಇದು ಬಂಡೆ, ಬಂಡೆಯ ಮೇಲೆ ಅಲ್ಲಲ್ಲಿ ಹವಳ. ಆದರೆ ಮೀನು ಧಾರಾಳ. ಗಿಳಿಮೀನು, ಚಿಟ್ಟೆಮೀನು, ಬಂಡೆ ಸಂದಿಯಿಂದ ಬಾಯಿ ತೆರೆದು ನೋಡುವ ಮೊರೇ ಈಲ್, ಬ್ಯಾರಕುಡಾ ಹಿಂಡು. ಮಲ್ಪೆ ಕಡೆ ಕಾರ್ಗಿಲ್ ಮೀನು ಅಂತ ಕರೆಯುವ ಕಪ್ಪು ಟ್ರಿಗರ್ ಮೀನುಗಳಂತೂ ಮೋಡದ ಹಾಗೆ ಕವಿಯುತ್ತವೆ. ಅದೃಷ್ಟ ಇದ್ದರೆ ಕಡಲಾಮೆ. ತುಂಬಾ ಅದೃಷ್ಟ ಇದ್ದರೆ ತಿಮಿಂಗಿಲ ಶಾರ್ಕ್. ಹೆಸರು ಕೇಳಿ ಹೆದರಬೇಡಿ, ಅದು ತಿನ್ನುವುದು ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು, ಸಣ್ಣ ಮೀನುಗಳನ್ನು.

ತೊಂದರೆಗಳೂ ಇವೆ. ಬೋಟ್ ಪ್ರಯಾಣ ಒಂದರಿಂದ ಒಂದೂವರೆ ಗಂಟೆ, ಸಣ್ಣ ಬೋಟು, ಅಲೆ ಇರುತ್ತದೆ. ಬಸ್ಸಿನಲ್ಲಿ ವಾಂತಿ ಬರುವವರಿಗೆ ಇಲ್ಲಿ ಗ್ಯಾರಂಟಿ. ಅವೋಮಿನ್ ಥರದ ಮಾತ್ರೆ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಸಂಕಟ ಶುರುವಾದ ಮೇಲೆ ಅಲ್ಲ. ಆ ಮಾತ್ರೆಗೆ ನಿದ್ದೆ ಬರುತ್ತದೆ, ಹಾಗಾಗಿ ನಿಮಗೆ ಆಗುತ್ತದೋ ಇಲ್ಲವೋ ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಬೆಳಿಗ್ಗೆ ಇಡ್ಲಿ ಎರಡಕ್ಕೆ ನಿಲ್ಲಿಸಿ. ಬನ್ಸ್, ಪೂರಿ ವಾಪಸ್ ಬಂದ ಮೇಲೆ. ಗಾಳಿ ಜೋರಾದರೆ ಟ್ರಿಪ್ ಕ್ಯಾನ್ಸಲ್ ಮಾಡುತ್ತಾರೆ. ಅದಕ್ಕೆ ಬೇಸರಪಡಬಾರದು, ಹಾಗೆ ಮಾಡುವವರೇ ನಂಬಿಕೆಗೆ ಅರ್ಹರು. ಆದ್ದರಿಂದ ಮುರುಡೇಶ್ವರಕ್ಕೆ ಒಂದೇ ದಿನದ ಪ್ಲಾನ್ ಹಾಕಬೇಡಿ. ಎರಡು ಬೆಳಗು ಕೈಯಲ್ಲಿರಲಿ.

ಖರ್ಚು ಒಂದು ಟ್ರೈ ಡೈವ್‌ಗೆ ಐದಾರು ಸಾವಿರದ ಆಸುಪಾಸು. ಗೋವಾಕ್ಕಿಂತ ಜಾಸ್ತಿ ಅನಿಸುತ್ತದೆ. ಆದರೆ ಬೋಟ್ ಹೋಗುವ ದೂರವೂ ಜಾಸ್ತಿ.

ಗೋವಾ ಮತ್ತು ಮಾಲ್ವಣ

ಗೋವಾದಲ್ಲಿ ಡೈವಿಂಗ್ ನಡೆಯುವುದು ಗ್ರಾಂಡೆ ದ್ವೀಪದ ಸುತ್ತ. ಮಾಂಡೋವಿ ಮತ್ತು ಜುವಾರಿ ಹೊಳೆಗಳು ಕಡಲು ಸೇರುವ ಜಾಗಕ್ಕೆ ಹತ್ತಿರ. ಹಾಗಾಗಿ ಮೂರ್ನಾಲ್ಕು ಮೀಟರ್ ಆಚೆ ಏನೂ ಕಾಣದ ದಿನಗಳು ಮಾಮೂಲು. ಒಂದು ವಿಶೇಷ ಇದೆ. ಮುಳುಗಿದ ಹಳೆಯ ಹಡಗುಗಳ ಅವಶೇಷ ಆಳವಿಲ್ಲದ ನೀರಿನಲ್ಲೇ ಸಿಗುತ್ತದೆ. ‘ಸೂಜೀಸ್ ರೆಕ್’ ಅಂತ ಕರೆಯುವ ಹಡಗು ಪ್ರಸಿದ್ಧ. ಮಬ್ಬು ನೀರಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಇದ್ದಕ್ಕಿದ್ದಂತೆ ಎದುರಾಗುವ ಮಜಾ ಬೇರೆ.

ಗೋವಾದಲ್ಲಿ ಎಚ್ಚರವಾಗಿರಬೇಕಾದದ್ದು ಪ್ಯಾಕೇಜ್ ವಿಷಯದಲ್ಲಿ. ಡಾಲ್ಫಿನ್, ಬನಾನಾ ರೈಡ್, ಊಟ, ಸ್ಕೂಬಾ ಎಲ್ಲಾ ಸೇರಿ ಒಂದೆರಡು ಸಾವಿರ ಅಂತ ಬೀಚಿನಲ್ಲಿ ಹೇಳುತ್ತಾರಲ್ಲ, ಅಂಥವುಗಳಲ್ಲಿ ಎಷ್ಟೋ ಸಲ ಸ್ಕೂಬಾ ಅಂದರೆ ನಾಲ್ಕೈದು ಮೀಟರ್ ನೀರಿನಲ್ಲಿ ಹತ್ತು ನಿಮಿಷ ಕೂತು ವಿಡಿಯೊ ತೆಗೆಸಿಕೊಳ್ಳುವುದು. ಅದೇ ಸಾಕು ಅನ್ನುವವರಿಗೆ ತೊಂದರೆಯಿಲ್ಲ. ಆದರೆ ಅದನ್ನು ನೋಡಿ ‘ಸ್ಕೂಬಾ ಅಂದರೆ ಇಷ್ಟೇನಾ’ ಅಂತ ತೀರ್ಮಾನಿಸಿಬಿಡುತ್ತಾರೆ, ಅದೇ ಬೇಜಾರು. ಗೋವಾದಲ್ಲಿ ಗಂಭೀರವಾಗಿ ಕಲಿಸುವ ಸೆಂಟರ್‌ಗಳೂ ಇವೆ. ಅವರಲ್ಲಿ ಕೆಲವರು ತಮ್ಮ ವಿದ್ಯಾರ್ಥಿಗಳನ್ನು ವೀಕೆಂಡ್‌ಗೆ ಎಲ್ಲಿಗೆ ಕರೆತರುತ್ತಾರೆ ಗೊತ್ತಾ? ನೇತ್ರಾಣಿಗೆ.

ಮಾಲ್ವಣ ಇನ್ನೂ ಅಗ್ಗ. ಸಿಂಧುದುರ್ಗ ಕೋಟೆಯ ಹತ್ತಿರ, ತೀರಕ್ಕೆ ಅಂಟಿಕೊಂಡೇ, ಆಳವಿಲ್ಲದ ನೀರಿನಲ್ಲಿ ನಡೆಯುತ್ತದೆ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಹತ್ತಿರ. ದೀಪಾವಳಿ, ಕ್ರಿಸ್‌ಮಸ್ ವಾರಗಳಲ್ಲಿ ಬೋಟಿಗೆ ಬೋಟು ತಾಗುವಷ್ಟು ರಶ್ ಇರುತ್ತದೆ. ಕಲಿಯುವ ಮನಸ್ಸಿದ್ದರೆ ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ಇದೆ. ಅಲ್ಲಿ ಕೋರ್ಸ್ ವಿಚಾರಿಸಬಹುದು.

ಅಂಡಮಾನ್

ಕಲಿಯಬೇಕು ಅನ್ನುವವರಿಗೆ ನನ್ನ ಉತ್ತರ ಇದೇ. ಹ್ಯಾವ್‌ಲಾಕ್, ಅಂದರೆ 2018ರ ಕೊನೆಯಿಂದ ಸ್ವರಾಜ್ ದ್ವೀಪ. ಸ್ಥಳೀಯರೂ ಬುಕಿಂಗ್‌ನವರೂ ಇನ್ನೂ ಹ್ಯಾವ್‌ಲಾಕ್ ಅಂತಲೇ ಹೇಳುತ್ತಾರೆ. ಬೆಂಗಳೂರಿನಿಂದ ಪೋರ್ಟ್‌ಬ್ಲೇರ್‌ಗೆ (2024ರಿಂದ ಅದರ ಹೆಸರು ಶ್ರೀವಿಜಯಪುರಂ) ನೇರ ವಿಮಾನ, ಅಲ್ಲಿಂದ ಫೆರ್ರಿಯಲ್ಲಿ ಎರಡು ಗಂಟೆಯ ಹತ್ತಿರ. ಭಾರತೀಯರಿಗೆ ಹ್ಯಾವ್‌ಲಾಕ್‌ಗೆ ಪರ್ಮಿಟ್ ಬೇಡ.

ಇದು ಕಲಿಯಲು ಯಾಕೆ ಒಳ್ಳೆಯದು? ನೀರು ಬೆಚ್ಚಗೆ, 27-30 ಡಿಗ್ರಿ. ತೀರದಿಂದಲೇ ನಡೆದು ಇಳಿಯಬಹುದಾದ ನೀಮೋ ರೀಫ್ (ಹವಳದ ದಿಬ್ಬ) ಇದೆ. ಮರಳು ನಿಧಾನವಾಗಿ ಇಳಿಜಾರಾಗುತ್ತಾ ಹೋಗುತ್ತದೆ, ಅಲೆ ಕಡಿಮೆ. ಮೊದಲ ಪಾಠಕ್ಕೆ ಬೋಟು ಹತ್ತುವ ಗೋಳೇ ಇಲ್ಲ. ಎರಡನೇ ದಿನ ಅಕ್ವೇರಿಯಂ, ಲೈಟ್‌ಹೌಸ್ ಅನ್ನುವ ಜಾಗಗಳಿಗೆ ಬೋಟ್. ಕಾರ್ಡ್ ಸಿಕ್ಕಿ, ಇನ್ನೂ ಸ್ವಲ್ಪ ಅನುಭವ ಆದ ಮೇಲೆ ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್. ಇವು ತೀರದಿಂದ ದೂರ, 18 ಮೀಟರ್ ದಾಟುವ ಆಳ, ಕೆಲವು ದಿನ ಸೆಳೆತವೂ ಜಾಸ್ತಿ. ದೊಡ್ಡ ಮೀನಿನ ಹಿಂಡು, ಶಾರ್ಕ್ ನೋಡಲು ಇಲ್ಲಿಗೇ ಬರಬೇಕು. ಅಂದರೆ ಒಂದೇ ಊರಿನಲ್ಲಿ ಒಂದನೇ ಕ್ಲಾಸಿನಿಂದ ಕಾಲೇಜಿನವರೆಗೆ ಎಲ್ಲಾ ಇದೆ.

ಓಪನ್ ವಾಟರ್ ಕೋರ್ಸ್‌ಗೆ ಮೂವತ್ತು ಸಾವಿರದ ಆಚೀಚೆ. ವಿಮಾನ, ಫೆರ್ರಿ, ರೂಮು ಬೇರೆ. ಐದು ದಿನಕ್ಕಿಂತ ಕಡಿಮೆ ಇದ್ದರೆ ಕೋರ್ಸ್ ಮಾಡಲು ಹೋಗಬೇಡಿ. ಓಡೋಡಿ ಕಲಿಯುವ ವಿದ್ಯೆ ಇದಲ್ಲ. ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನ್ ಓದಿ ಮುಗಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ.

ಒಂದು ಮಾತು ಮಾತ್ರ ಬ್ರೋಶರ್‌ನಲ್ಲಿ ಬರೆದಿರುವುದಿಲ್ಲ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿತ್ತು. ನೀರು ತುಂಬಾ ಬಿಸಿಯಾದಾಗ ಹವಳ ತನ್ನೊಳಗೆ ಬದುಕುವ ಪಾಚಿಯನ್ನು ಹೊರಹಾಕುತ್ತದೆ. ಬಣ್ಣವೂ ಆಹಾರವೂ ಆ ಪಾಚಿಯಿಂದಲೇ ಬರುವುದು. ತೀರಕ್ಕೆ ಹತ್ತಿರದ ಆಳವಿಲ್ಲದ ಜಾಗಗಳಲ್ಲಿ ಸತ್ತ ಹವಳದ ಚೂರು ಈಗಲೂ ಕಾಣುತ್ತದೆ. ಆಳಕ್ಕೆ ಹೋದಂತೆ ಪರಿಸ್ಥಿತಿ ಉತ್ತಮ. ಗದ್ದಲ ಬೇಡ ಅನ್ನುವವರು ಪಕ್ಕದ ನೀಲ್, ಅಂದರೆ ಶಹೀದ್ ದ್ವೀಪ ನೋಡಬಹುದು.

ಲಕ್ಷದ್ವೀಪ

ನೀರಿನ ತಿಳಿತನ ಒಂದನ್ನೇ ನೋಡಿದರೆ ಭಾರತದಲ್ಲಿ ಇದಕ್ಕೆ ಸಾಟಿಯಿಲ್ಲ. ಹೊಳೆಯೇ ಇಲ್ಲದ, ಹವಳದಿಂದಲೇ ಬೆಳೆದ ದ್ವೀಪಗಳು. ಕೆಸರು ಬರುವುದಾದರೂ ಎಲ್ಲಿಂದ? ಕದ್ಮತ್, ಬಂಗಾರಂ, ಅಗತ್ತಿ ಕಡೆ ಡೈವಿಂಗ್ ಸೌಲಭ್ಯ ಇದೆ.

ಸಮಸ್ಯೆ ತಲುಪುವುದು. ಹೊರಗಿನವರಿಗೆ ಪ್ರವೇಶ ಪರ್ಮಿಟ್ ಕಡ್ಡಾಯ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಹಡಗೂ ಇದೆ, ಸೀಟು ಸಿಗುವುದು ಕಷ್ಟ. ರೂಮುಗಳು ಕಡಿಮೆ. ಬಂಗಾರಂ ಬಿಟ್ಟರೆ ಬೇರೆ ಕಡೆ ಮದ್ಯ ನಿಷೇಧ, ಇದು ಕೆಲವರಿಗೆ ಅನುಕೂಲ, ಕೆಲವರಿಗೆ ಅಲ್ಲ. ತಿಂಗಳುಗಳ ಮೊದಲೇ ಪ್ಲಾನ್ ಮಾಡುವ ಸ್ವಭಾವ ನಿಮ್ಮದಾದರೆ, ಕಾರ್ಡ್ ಈಗಾಗಲೇ ಇದ್ದರೆ, ಲಕ್ಷದ್ವೀಪಕ್ಕೆ ಹೋಗಿ. ‘ಮುಂದಿನ ವಾರ ರಜೆ ಹಾಕಿದ್ದೀನಿ, ಎಲ್ಲಿಗೆ ಹೋಗಲಿ’ ಅನ್ನುವವರಿಗೆ ಇದು ಆಗುವುದಿಲ್ಲ.

ಮಾಲ್ಡೀವ್ಸ್

ಎಲ್ಲರ ಬಾಯಲ್ಲೂ ಇರುವ ಹೆಸರು. ಬೆಂಗಳೂರಿನಿಂದ ಮಾಲೆಗೆ ಎರಡು ಗಂಟೆ ಚಿಲ್ಲರೆ. ನಮಗೆ ವೀಸಾ ಅಲ್ಲೇ ಇಳಿದ ಮೇಲೆ ಸಿಗುತ್ತದೆ. ದುಬಾರಿ ಅನ್ನುವ ಮಾತು ರೆಸಾರ್ಟ್‌ಗಳ ಮಟ್ಟಿಗೆ ನಿಜ. ಜನ ವಾಸಿಸುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ. ಮಾಫುಶಿ, ಧಿಗುರಾ, ಫುಲಿಧೂ ಇಂಥವು. ಅಲ್ಲಿ ಖರ್ಚು ಹಿಡಿತದಲ್ಲಿರುತ್ತದೆ. ಮದ್ಯ ಇಲ್ಲ, ಬಿಕಿನಿಗೆ ಬೇರೆಯೇ ಬೀಚು. ಮೀನು ಚಪಾತಿ ತಿಂದುಕೊಂಡು ಆರಾಮಾಗಿ ಇರಬಹುದು.

ಹೊಸಬರಿಗೆ ನಾನು ಮಾಲ್ಡೀವ್ಸ್ ಹೇಳದಿರಲು ಕಾರಣ ಹಣವಲ್ಲ, ನೀರಿನ ಸೆಳೆತ. ಅಟೋಲ್ ಅಂತ ಕರೆಯುವ, ಹವಳದ ಉಂಗುರದಂಥ ದ್ವೀಪಸಮೂಹಗಳ ಮಧ್ಯೆ ಇರುವ ಸಂದಿಗಳಲ್ಲಿ ಸಮುದ್ರ ಒಳಗೂ ಹೊರಗೂ ನುಗ್ಗುತ್ತದೆ. ಶಾರ್ಕ್, ಮಾಂಟಾ ತೊರಕೆ (ಮಾಂಟಾ ರೇ) ಮೀನುಗಳು ಬರುವುದೇ ಆ ಸೆಳೆತ ಹೊತ್ತು ತರುವ ಆಹಾರಕ್ಕೆ. ಅಲ್ಲಿನ ಒಳ್ಳೆಯ ಡೈವ್‌ಗಳು ಅಂದರೆ ಬಂಡೆಗೆ ಕೊಕ್ಕೆ ಸಿಕ್ಕಿಸಿಕೊಂಡು ಹರಿವಿನಲ್ಲಿ ತೂಗಾಡುತ್ತಾ ನೋಡುವಂಥವು. ನಾಲ್ಕು ಡೈವ್ ಮಾಡಿದವರನ್ನು ಅಂಥ ಜಾಗಕ್ಕೆ ಜವಾಬ್ದಾರಿ ಇರುವ ಯಾರೂ ಇಳಿಸುವುದಿಲ್ಲ. ಹೊಸಬರನ್ನು ಕರೆದೊಯ್ಯುವ, ಹವಳದ ಉಂಗುರದೊಳಗಿನ ಶಾಂತ ನೀರಿನ ಲಗೂನ್‌ಗಳು ಚೆನ್ನಾಗಿರುತ್ತವೆ, ಅನುಮಾನವಿಲ್ಲ. ಆದರೆ ನೀವು ನೋಡಿ ಮರುಳಾದ ಫೋಟೊ ಆ ಜಾಗದ್ದಲ್ಲ.

ಇಪ್ಪತ್ತು ಮೂವತ್ತು ಡೈವ್ ಆದ ಮೇಲೆ ಮಾಲ್ಡೀವ್ಸ್‌ಗೆ ಹೋದರೆ ದುಡ್ಡಿಗೆ ಮೋಸವಿಲ್ಲ. ಧಿಗುರಾ ಇರುವ ದಕ್ಷಿಣ ಆರಿ ಕಡೆ ತಿಮಿಂಗಿಲ ಶಾರ್ಕ್ ವರ್ಷದ ಹೆಚ್ಚಿನ ಕಾಲ ಕಾಣುತ್ತದೆ. ದೂರದ ದಕ್ಷಿಣದ ಫುವಮುಲಾ ಟೈಗರ್ ಶಾರ್ಕ್‌ಗೆ ಪ್ರಸಿದ್ಧ, ಅದು ಅನುಭವಸ್ಥರಿಗೆ ಮಾತ್ರ. ಇನ್ನೊಂದು ವಿಷಯ: ಮಾಂಟಾಗಳು ನೂರರ ಲೆಕ್ಕದಲ್ಲಿ ಸೇರುವ ಬಾ ಅಟೋಲ್‌ನ ಹನಿಫಾರು ಕೊಲ್ಲಿಯಲ್ಲಿ ಸ್ಕೂಬಾ ನಿಷೇಧ. ಸ್ನಾರ್ಕೆಲ್ ಮಾತ್ರ, ಅಂದರೆ ನೀರಿನ ಮೇಲೆ ತೇಲುತ್ತಾ ನಳಿಕೆಯಲ್ಲಿ ಉಸಿರಾಡಿಕೊಂಡು ನೋಡುವುದು. ಅಂದರೆ ಈಜು ಬರುವ, ಡೈವ್ ಮಾಡದ ನಿಮ್ಮ ಮನೆಯವರೂ ಅದನ್ನು ನೋಡಬಹುದು. ನಮ್ಮಲ್ಲಿ ಎಲ್ಲ ಮುಚ್ಚಿರುವ ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಿಲ್ಲುವುದಿಲ್ಲ. ಮಳೆ ಬರುತ್ತದೆ, ನೀರು ಸ್ವಲ್ಪ ಮಬ್ಬಾಗುತ್ತದೆ. ಆದರೆ ಮಾಂಟಾಗಳಿಗೆ ಅದೇ ಸೀಸನ್.

ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ರಜೆ ಇದ್ದರೆ

ಶ್ರೀಲಂಕಾದ ಪೂರ್ವ ಕರಾವಳಿ ಮೊದಲ ಆಯ್ಕೆ. ಟ್ರಿಂಕೋಮಲೀ ಕಡೆ ಮೇನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಶಾಂತ. ಹಿಕ್ಕಡುವ ಇರುವ ಪಶ್ಚಿಮ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್. ಟ್ರಿಂಕೋಮಲೀ ಹತ್ತಿರ ಪಿಜನ್ ಐಲ್ಯಾಂಡ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. ನಮ್ಮ ನೇತ್ರಾಣಿಗೂ ಅದೇ ಇಂಗ್ಲಿಷ್ ಹೆಸರಿರುವುದರಿಂದ ಗೂಗಲ್‌ನಲ್ಲಿ ಹುಡುಕುವಾಗ ಎರಡೂ ಕಲಸಿಕೊಳ್ಳುತ್ತವೆ, ನೋಡಿಕೊಂಡು ಬುಕ್ ಮಾಡಿ. ಬಟ್ಟಿಕಲೋವಾ ಹತ್ತಿರ 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಮುಳುಗಿಸಿದ ಬ್ರಿಟಿಷ್ ವಿಮಾನವಾಹಕ ಹಡಗು ಹರ್ಮಿಸ್ ಮಲಗಿದೆ. ಅದು 50 ಮೀಟರ್ ಆಳ. ಸಾಮಾನ್ಯ ಕಾರ್ಡ್‌ನವರಿಗೆ ಕಥೆ ಕೇಳಲು ಮಾತ್ರ.

ಹಡಗೇ ನೋಡಬೇಕು ಅಂದರೆ ಬಾಲಿ. ತುಲಂಬೆನ್ ಅನ್ನುವ ಊರಿನ ಮುಂದೆ ಅಮೆರಿಕದ ಲಿಬರ್ಟಿ ಹಡಗಿದೆ. 1942ರಲ್ಲಿ ಟಾರ್ಪಿಡೊ ಬಡಿದು ದಡಕ್ಕೆ ಎಳೆದು ತಂದದ್ದು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಭೂಮಿ ನಡುಗಿ ನೀರೊಳಗೆ ಜಾರಿತು. ಈಗ ತೀರದ ಪಕ್ಕದಲ್ಲೇ, ಸುಮಾರು 5 ಮೀಟರ್‌ನಿಂದ 30 ಮೀಟರ್‌ವರೆಗೆ ಒರಗಿಕೊಂಡಿದೆ. ದಡದಿಂದ ಸಿಲಿಂಡರ್ ಕಟ್ಟಿಕೊಂಡು ನಡೆದೇ ಹೋಗಬಹುದು. ಹೊಸದಾಗಿ ಕಾರ್ಡ್ ಪಡೆದವರಿಗೆ ಇದಕ್ಕಿಂತ ಸುಲಭವಾಗಿ ಸಿಗುವ ದೊಡ್ಡ ಹಡಗು ನನಗೆ ಗೊತ್ತಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ.

ಥೈಲ್ಯಾಂಡಿನ ಕೋ ಟಾವ್ ಕೋರ್ಸ್‌ಗೆ ಹೆಸರುವಾಸಿ. ಸಣ್ಣ ದ್ವೀಪದ ತುಂಬಾ ಡೈವಿಂಗ್ ಶಾಲೆಗಳು, ಪೈಪೋಟಿಯಿಂದ ರೇಟೂ ಕಡಿಮೆ. ನವೆಂಬರ್ ಆಸುಪಾಸು ಬಿಟ್ಟು ಬೇರೆ ತಿಂಗಳು ನೋಡಿ. ಅದೇ ದೇಶದ ಸಿಮಿಲಾನ್ ದ್ವೀಪಗಳು ಮಾತ್ರ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಂದ್.

ಇಷ್ಟು ದೂರ ಬೇಡ ಅಂದರೆ ಪುದುಚೇರಿ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ. ಮುಂಗಾರಿನ ಹೊಡೆತ ಪೂರ್ವ ಕರಾವಳಿಗೆ ಅಷ್ಟಿಲ್ಲ, ಅಲ್ಲಿ ಕಾಡುವುದು ಹಿಂಗಾರು. ನವೆಂಬರ್, ಡಿಸೆಂಬರ್ ಬಿಟ್ಟರೆ ವಿಚಾರಿಸಿ ಹೋಗಬಹುದು. ಗಲ್ಫ್‌ನಲ್ಲಿರುವ ನಮ್ಮ ಮಂಗಳೂರು, ಭಟ್ಕಳದವರಿಗೆ ಮನೆ ಹತ್ತಿರವೇ ಫುಜೈರಾ ಇದೆ, ಮಸ್ಕತ್ ಪಕ್ಕ ದೈಮಾನಿಯಾತ್ ದ್ವೀಪಗಳಿವೆ. ರಜೆಗೆ ಊರಿಗೆ ಬಂದಾಗ ನೇತ್ರಾಣಿ ನೋಡಿ, ಉಳಿದದ್ದು ಅಲ್ಲೇ ಮಾಡಿ.

ಸೆಂಟರ್ ಆರಿಸುವುದು

ಜಾಗಕ್ಕಿಂತ ಇದು ಮುಖ್ಯ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಸಾಧಾರಣ ಸಮುದ್ರದಲ್ಲಿ ಒಳ್ಳೆಯ ಇನ್‌ಸ್ಟ್ರಕ್ಟರ್ ಜೊತೆ ಮಾಡಿದ ಡೈವ್ ನೆನಪಿನಲ್ಲಿ ಉಳಿಯುತ್ತದೆ. ಅದ್ಭುತ ಸಮುದ್ರದಲ್ಲಿ ಗಡಿಬಿಡಿಯವರ ಕೈಗೆ ಸಿಕ್ಕರೆ ಮತ್ತೆ ನೀರಿಗೆ ಇಳಿಯುವ ಆಸೆಯೇ ಹೋಗುತ್ತದೆ.

ಫೋನ್ ಮಾಡಿ ಕೇಳಿ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಟ್ರೈ ಡೈವ್‌ಗೆ ಒಬ್ಬರಿಗೊಬ್ಬರು ಇದ್ದರೆ ಒಳ್ಳೆಯದು, ಇಬ್ಬರಾದರೂ ಸರಿ, ಅದಕ್ಕಿಂತ ಜಾಸ್ತಿ ಬೇಡ. ನೀರೊಳಗೆ ಎಷ್ಟು ನಿಮಿಷ? ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ? ಹತ್ತಿರದ ರಿಕಂಪ್ರೆಶನ್ ಚೇಂಬರ್ (ಡೈವ್ ಆದ ಮೇಲೆ ಮೈಯಲ್ಲಿ ಗಾಳಿಗುಳ್ಳೆಯಾದರೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಎಲ್ಲಿದೆ? ಈ ಕೊನೆಯ ಪ್ರಶ್ನೆಗೆ ತಡಬಡಾಯಿಸಿದರೆ ಬೇರೆಯವರನ್ನು ನೋಡಿ. ರೇಟಿನಲ್ಲಿ ಏನೇನು ಸೇರಿದೆ ಅಂತಲೂ ಕೇಳಿ. ಫೋಟೊ, ವಿಡಿಯೊ, ಬೋಟ್ ಬಾಡಿಗೆ ಎಲ್ಲಾ ಆಮೇಲೆ ಒಂದೊಂದಾಗಿ ಹೊರಗೆ ಬರುತ್ತವೆ.

ಆರೋಗ್ಯದ ಫಾರಂ ಕೊಡುತ್ತಾರೆ. ಬೀಚಿನಲ್ಲಿ ನಿಂತು ಓದದೆಯೇ ಎಲ್ಲದಕ್ಕೂ ‘ಇಲ್ಲ’ ಅಂತ ಬರೆದು ಸಹಿ ಹಾಕುವವರೇ ಜಾಸ್ತಿ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್ ಆಗಿದ್ದವರು ಊರಲ್ಲೇ ಡಾಕ್ಟರ್ ಹತ್ತಿರ ಪತ್ರ ಬರೆಸಿಕೊಂಡು ಹೋಗಬೇಕು. ಗರ್ಭಿಣಿಯರು ಡೈವ್ ಮಾಡಬಾರದು. ಶೀತ ಆಗಿದ್ದರೆ ಆ ದಿನ ಬಿಟ್ಟುಬಿಡಿ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಕಿವಿ ನೋಯುವುದು ಈ ಮೊದಲ ಕೆಲವು ಮೀಟರ್‌ನಲ್ಲೇ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಶುರುವಾಗುವ ಮುಂಚೆ. ಮೂಗು ಕಟ್ಟಿದ್ದರೆ ಅದು ಆಗುವುದೇ ಇಲ್ಲ.

ವಾಪಸ್ ಬರುವ ಲೆಕ್ಕ

ಡೈವ್ ಮಾಡಿದ ಮೇಲೆ ಮೈಯಲ್ಲಿ ಹೆಚ್ಚುವರಿ ನೈಟ್ರೋಜನ್ ಇರುತ್ತದೆ. ಎತ್ತರಕ್ಕೆ ಹೋದರೆ, ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಯಾಗುವ ಅಪಾಯ ಇದೆ. ಆದ್ದರಿಂದ ಒಂದೇ ಡೈವ್ ಆದರೆ ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಹ್ಯಾವ್‌ಲಾಕ್‌ನಿಂದ ಹೊರಡುವ ಹಿಂದಿನ ದಿನ ಡೈವಿಂಗ್ ಇಟ್ಟುಕೊಳ್ಳದೆ ಬೀಚಿನಲ್ಲಿ ಬಿದ್ದುಕೊಳ್ಳಿ.

ನೇತ್ರಾಣಿಗೆ ಹೋಗುವವರು ‘ನಮಗೆ ವಿಮಾನ ಇಲ್ವಲ್ಲ’ ಅಂದುಕೊಳ್ಳುತ್ತಾರೆ. ಘಟ್ಟ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ವಿಮಾನದ ಈ ನಿಯಮ 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಬೆಳಿಗ್ಗೆ ಒಂದು ಡೈವ್ ಮಾಡಿ ರಾತ್ರಿ ತಡವಾಗಿ ಬಸ್ ಹತ್ತಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಎರಡು ಮೂರು ಡೈವ್ ಮಾಡಿದವರು, ಮಧ್ಯಾಹ್ನವೇ ಕಾರಿನಲ್ಲಿ ಜೋಗದ ಕಡೆ ಹೊರಡುವವರು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಜೋಗ, ಆಗುಂಬೆ ನೋಡುವ ಆಸೆ ಇದ್ದರೆ ಮುರುಡೇಶ್ವರಕ್ಕೆ ಬರುವ ದಾರಿಯಲ್ಲಿ, ಡೈವ್‌ಗೆ ಮೊದಲೇ ಮುಗಿಸಿಕೊಳ್ಳಿ.

ಡೈವ್ ಮಾಡದ ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೂ ಮುರುಡೇಶ್ವರವೇ ಅನುಕೂಲ. ನೀವು ಬೋಟಿನಲ್ಲಿರುವಾಗ ಅವರು ದೇವಸ್ಥಾನ, ರಾಜಗೋಪುರ ನೋಡಿಕೊಂಡು ಬರಬಹುದು, ಮಧ್ಯಾಹ್ನ ಎಲ್ಲರೂ ಸೇರಿ ಊಟ. ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಬೀಚ್ ಇದೆ, ಆದರೆ ಫೆರ್ರಿ ಹತ್ತಿ ಇಳಿಯುವುದು ವಯಸ್ಸಾದವರಿಗೆ ಸ್ವಲ್ಪ ಕಷ್ಟ. ಜನವರಿಯ ವೀಕೆಂಡ್‌ಗಳಲ್ಲಿ ನೇತ್ರಾಣಿಯ ಬೋಟು ಬೇಗ ಭರ್ತಿಯಾಗುತ್ತದೆ. ವಾರದ ಮಧ್ಯೆ ರಜೆ ಹಾಕಲು ಆಗುತ್ತದಾ ನೋಡಿ.